ಕತ್ತಿ, ಗೋಧಿಹಿಟ್ಟು ಮತ್ತು ಹಸಿದವನ ಮನಸ್ಸು

ತಾಲ್ಲೂಕು ಕೇಂದ್ರದ ಹಾಸ್ಟೆಲೊಂದರಲ್ಲಿ ವಿಚಾರ ಸಂಕಿರಣ ಮುಗಿಸಿ ಟೀ ಅಂಗಡಿ ಮುಂದೆ ನಿಂತಿದ್ದೆವು. ಇತಿಹಾಸ ಓದುತ್ತಿದ್ದ ಹುಡುಗನೊಬ್ಬ ಕೇಳಿದ: "ಸಾರ್, ಸಾಬರು ಕತ್ತಿ ತೋರ್ಸಿ ಜಾತಿ ಕೆಡಿಸಿದ್ರು, ಪಾದ್ರಿಗಳು ಗೋಧಿಹಿಟ್ಟು ತೋರ್ಸಿ ಕೆಡಿಸಿದ್ರು ಅಂತ ನಮ್ ಮೇಷ್ಟ್ರು ಹೇಳ್ತಾರೆ. ಹೌದಾ ಸಾರ್?" ನನ್ನ ಪಕ್ಕದಲ್ಲಿದ್ದ ಸಂಘಟನೆಯ ಗೆಳೆಯರು ತಡ ಮಾಡಲಿಲ್ಲ. "ಎಲ್ಲಾ ಸುಳ್ಳು ಕಣಯ್ಯ. ಜಾತಿ ಕಾಟ ತಡೀಲಾರದೆ ಸಮಾನತೆ ಹುಡುಕ್ಕೊಂಡು ಹೋದ್ರು, ಅಷ್ಟೆ." ಹುಡುಗ ಅದನ್ನು ನೋಟ್ಸಿನಲ್ಲಿ ಬರೆದುಕೊಂಡ. ಊರಿಗೆ ಬರುವ ಬಸ್ಸಿನಲ್ಲಿ ಕೂತ ಮೇಲೆ ನನಗೆ ಅನ್ನಿಸಿದ್ದು, ಮೇಷ್ಟ್ರ ಉತ್ತರದಲ್ಲಿ ಹೇಗೋ ಹಾಗೆಯೇ ನಮ್ಮ ಗೆಳೆಯರ ಉತ್ತರದಲ್ಲೂ ಹೋದ ಮನುಷ್ಯ ಕಾಣುತ್ತಿಲ್ಲವಲ್ಲ ಎಂದು. ಒಂದು ಕಡೆ ಅವನನ್ನು ಹೆದರಿಸಿ ಅಟ್ಟಿದರು, ಇನ್ನೊಂದು ಕಡೆ ಬೆಲ್ಲ ತೋರಿಸಿ ಎಳೆದರು, ಮೂರನೆಯ ಕಡೆ ನಾವೇ ನಮ್ಮ ಘೋಷಣೆಯನ್ನು ಅವನ ಬಾಯಿಗೆ ತುರುಕಿದೆವು.

ಮೇಷ್ಟ್ರ ಉತ್ತರ ಕಾನೂನಿನ ಪುಸ್ತಕಕ್ಕೂ ಹತ್ತಿದೆ. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ಕಾಯಿದೆಯಲ್ಲಿ ಬಲವಂತ, ಆಮಿಷ ಇತ್ಯಾದಿಗಳಿಂದ ಮತ ಬದಲಾಯಿಸಿದವರಿಗೆ ಮೂರರಿಂದ ಐದು ವರ್ಷ ಸಜೆ. ಬದಲಾದವರು ಅಪ್ರಾಪ್ತರೋ, ಬುದ್ಧಿ ಸ್ವಾಧೀನವಿಲ್ಲದವರೋ, ಹೆಂಗಸರೋ, ಪರಿಶಿಷ್ಟ ಜಾತಿ ಅಥವಾ ಪಂಗಡದವರೋ ಆಗಿದ್ದರೆ ಸಜೆ ಹತ್ತು ವರ್ಷದವರೆಗೆ ಏರುತ್ತದೆ. 2023ರಲ್ಲಿ ಬಂದ ಸರ್ಕಾರ ಇದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು, ಆ ಮಾತು ಬೇರೆ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ ಗೆಳೆಯರೆ. ಮಕ್ಕಳು, ಹುಚ್ಚರು, ಹೆಂಗಸರು, ನಾವು. ನಮ್ಮನ್ನು ಕಾಪಾಡುವುದಕ್ಕೇ ಬರೆದದ್ದಂತೆ!

ರಷ್ಯದ ಕಡೆ ಕೀವ್ ಎಂಬಲ್ಲಿ ವ್ಲಾದಿಮಿರ್ ಎಂಬ ದೊರೆಯಿದ್ದ. ಕ್ರಿಸ್ತಶಕ 988ರ ಸುಮಾರಿಗೆ ಅವನು ಕ್ರೈಸ್ತನಾದ, ಅದೇ ಹೊತ್ತಿನಲ್ಲಿ ಬೈಜಾಂಟಿಯಂ ಚಕ್ರವರ್ತಿಯ ತಂಗಿ ಅನ್ನಾಳನ್ನು ಮದುವೆಯಾದ. ಹೆಣ್ಣೂ ಬಂತು, ನಂಟಸ್ತಿಕೆಯೂ ಬಂತು. ಚರ್ಚು ಅವನನ್ನು ಸಂತ ಅಂದಿತು, ಪಠ್ಯಪುಸ್ತಕ ಮುತ್ಸದ್ದಿ ಅಂದಿತು. ಆಮಿಷ ಅಂತ ಒಬ್ಬರೂ ಅನ್ನಲಿಲ್ಲ. ಸಾಮ್ರಾಜ್ಯಕ್ಕಾಗಿ ದೇವರನ್ನು ಬದಲಾಯಿಸಿದವನಿಗೆ ಆತ್ಮಸಾಕ್ಷಿ ಇದೆ, ಒಂದು ಸೇರು ಜೋಳಕ್ಕಾಗಿ ಬದಲಾಯಿಸಿದವನಿಗೆ ಬರೀ ಹೊಟ್ಟೆ ಇದೆ. ಈ ತಕ್ಕಡಿ ಯಾರದು?

ಕತ್ತಿಯ ಮಾತನ್ನು ಮೊದಲು ನೋಡೋಣ. ಕತ್ತಿ ಇರಲೇ ಇಲ್ಲ ಎಂದು ನಾನು ಹೇಳಲಾರೆ. 1784ರಲ್ಲಿ ಟಿಪ್ಪು ಮಂಗಳೂರು ಸೀಮೆಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಹಲವರನ್ನು ಬಲವಂತವಾಗಿ ಮುಸ್ಲಿಮರನ್ನಾಗಿ ಮಾಡಿಸಿದ. ಅದಕ್ಕೆ ಸಾವಿರ ವರ್ಷ ಮೊದಲು, 782ರಲ್ಲಿ, ಶಾರ್ಲಮೇನ್ ದೊರೆ ಜರ್ಮನಿಯ ವೆರ್ಡನ್ನಿನಲ್ಲಿ ತನಗೆ ತಿರುಗಿಬಿದ್ದ 4,500 ಸ್ಯಾಕ್ಸನ್ನರನ್ನು ಒಂದೇ ದಿನ ಕಡಿಸಿದನೆಂದು ಅವನ ಆಸ್ಥಾನದ ದಾಖಲೆಯೇ ಹೇಳುತ್ತದೆ. ದೀಕ್ಷಾಸ್ನಾನ ಒಲ್ಲೆನೆಂದ ಸ್ಯಾಕ್ಸನ್ನನಿಗೆ ಮರಣದಂಡನೆ ಅಂತ ಶಾಸನವನ್ನೂ ಮಾಡಿದ. ಕತ್ತಿಯ ಧರ್ಮ ಅಂತ ಒಂದಕ್ಕೇ ಹಣೆಪಟ್ಟಿ ಅಂಟಿಸುವವರು ಇದನ್ನು ಓದಿರುವುದಿಲ್ಲ.

ಆದರೆ ದೇಶ ಗೆಲ್ಲುವುದು ಬೇರೆ, ಜನ ಮತ ಬದಲಾಯಿಸುವುದು ಬೇರೆ. ಅರಬರು ಇರಾನಿನ ಸಾಮ್ರಾಜ್ಯವನ್ನು 651ರ ಹೊತ್ತಿಗೆ ಮುಗಿಸಿಯೇ ಬಿಟ್ಟರು. ಅಲ್ಲಿನ ಜನರಲ್ಲಿ ಅರ್ಧದಷ್ಟು ಮುಸ್ಲಿಮರಾಗುವುದಕ್ಕೆ ಮಾತ್ರ ಇನ್ನೂರು ವರ್ಷದ ಹತ್ತಿರ ಹಿಡಿಯಿತೆಂದು ರಿಚರ್ಡ್ ಬುಲಿಯೆಟ್ ಎಂಬ ವಿದ್ವಾಂಸ 1979ರಲ್ಲಿ ಅಂದಾಜು ಮಾಡಿದ. ವಂಶಾವಳಿಗಳಲ್ಲಿ ಮೊದಲ ಮುಸ್ಲಿಂ ಹೆಸರು ಯಾವ ತಲೆಮಾರಿನಲ್ಲಿ ಬರುತ್ತದೆ ಎಂದು ಎಣಿಸಿ ತೆಗೆದ ಲೆಕ್ಕ ಅದು. ಇದಕ್ಕಿಂತ ಕುತೂಹಲದ ಸಂಗತಿ ಇರಾಕಿನದು. ಕ್ರಿಸ್ತಶಕ 700ರ ಆಸುಪಾಸಿನಲ್ಲಿ ಅಲ್ಲಿ ಹಜ್ಜಾಜ್ ಎಂಬ ರಾಜ್ಯಪಾಲನಿದ್ದ. ಮುಸ್ಲಿಮರಾದ ರೈತರು ಉಳುಮೆ ಬಿಟ್ಟು ಬಸ್ರಾ ಪಟ್ಟಣಕ್ಕೆ ಬಂದು ಸೇರತೊಡಗಿದಾಗ ಅವನಿಗೆ ಕೋಪ ಬಂತು. ಮುಸ್ಲಿಮನಾದವನಿಗೆ ಜಿಜಿಯಾ ಎಂಬ ತಲೆಗಂದಾಯ ಇಲ್ಲ, ಹಾಗಾದರೆ ಬೊಕ್ಕಸದ ಗತಿ? ಅವರನ್ನು ಹಿಡಿದು ಹಳ್ಳಿಗಳಿಗೆ ವಾಪಸ್ಸು ಅಟ್ಟಿಸಿದ, ಮುಸ್ಲಿಮರಾದರೂ ಕಂದಾಯ ಕಟ್ಟಿ ಎಂದ. ಕತ್ತಿ ಹಿಡಿದವನು ಬನ್ನಿ ಎನ್ನಲಿಲ್ಲ, ಬರಬೇಡಿ ಎಂದ. ಅರಬರಲ್ಲದ ಈ ಹೊಸ ಮುಸ್ಲಿಮರಿಗೆ ಮವಾಲಿಗಳು ಎಂದು ಹೆಸರು. ನಮ್ಮ ಬೀದಿಯಲ್ಲಿ ಪುಂಡನಿಗೆ ಬೈಯುವ ಮಾತು ಬಂದದ್ದು ಅಲ್ಲಿಂದಲೇ, ಪದಕ್ಕೆ ಕೂಡ ಜಾತಿ ಕೆಡುತ್ತದೆ ನೋಡಿ. ಗ್ರಂಥದಲ್ಲಿ ಬರೆದ ಸಮಾನತೆಯನ್ನು ಈ ಮವಾಲಿಗಳು ಬಾಯಿಬಿಟ್ಟು ಕೇಳಬೇಕಾಯಿತು. 717ರಲ್ಲಿ ಖಲೀಫನಾದ ಎರಡನೆಯ ಉಮರ್ ಸ್ವಲ್ಪ ಕಿವಿಗೊಟ್ಟ, ಮೂರು ವರ್ಷದಲ್ಲಿ ಸತ್ತ. 750ರಲ್ಲಿ ಉಮಯ್ಯದ್ ಮನೆತನವನ್ನೇ ಉರುಳಿಸಿದ ಬಂಡಾಯದಲ್ಲಿ ಮವಾಲಿಗಳ ಕೈ ದೊಡ್ಡದಿತ್ತು.

ಅಮೆರಿಕದ ವರ್ಜೀನಿಯದಲ್ಲಿ ಇದೇ ಕಥೆ ಇನ್ನೂ ಹೊಲಸಾಗಿ ನಡೆಯಿತು. ಕರಿಯ ಗುಲಾಮನಿಗೆ ದೀಕ್ಷಾಸ್ನಾನ ಕೊಟ್ಟರೆ ಅವನು ನಮ್ಮಂತೆ ಕ್ರೈಸ್ತನಾಗಿಬಿಡುತ್ತಾನಲ್ಲ, ಕ್ರೈಸ್ತನನ್ನು ಜೀತಕ್ಕೆ ಇಟ್ಟುಕೊಳ್ಳುವುದು ಹೇಗೆ ಎಂಬ ಅಂಜಿಕೆ ಒಡೆಯರಿಗೆ. 1667ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿತು: ದೀಕ್ಷಾಸ್ನಾನದಿಂದ ಗುಲಾಮಗಿರಿ ಹೋಗುವುದಿಲ್ಲ. ಆತ್ಮ ದೇವರಿಗೆ, ದೇಹ ದಣಿಗೆ. ಇರಾಕಿನ ಹಜ್ಜಾಜನಿಗೂ ವರ್ಜೀನಿಯದ ಹೊಗೆಸೊಪ್ಪಿನ ಧಣಿಗೂ ನಡುವೆ ಒಂಬತ್ತು ನೂರು ವರ್ಷಕ್ಕೂ ಮಿಕ್ಕಿದ ಅಂತರ, ಮಧ್ಯೆ ಒಂದು ಸಮುದ್ರ, ಎರಡು ಗ್ರಂಥ. ಬುದ್ಧಿ ಮಾತ್ರ ಒಂದೇ.

ಈಗ ನಮ್ಮ ಗೆಳೆಯರ ಉತ್ತರ. ಇದು ನನಗೆ ಕಷ್ಟದ ಕೆಲಸ, ಯಾಕೆಂದರೆ ನಾನೇ ಎಷ್ಟೋ ವೇದಿಕೆಯಲ್ಲಿ ಅದನ್ನು ಹೇಳಿದ್ದೇನೆ. ಸುಲ್ತಾನರು, ಮೊಗಲರು ಆರು ನೂರು ವರ್ಷ ಕೂತಿದ್ದ ದಿಲ್ಲಿ ಆಗ್ರಾಗಳ ಸುತ್ತ ಮುಸ್ಲಿಮರು ಅಲ್ಪಸಂಖ್ಯಾತರಾಗಿಯೇ ಉಳಿದರು. 1872ರ ಜನಗಣತಿ ಮಾಡಿದ ಬ್ರಿಟಿಷರು ಬೆರಗಾದದ್ದು ಪೂರ್ವ ಬಂಗಾಳ ನೋಡಿ. ಅಧಿಕಾರದ ಗದ್ದಿಗೆಯಿಂದ ಅಷ್ಟು ದೂರದ ಆ ಕೆಸರುಗದ್ದೆಯ ನಾಡಿನಲ್ಲಿ ಹಳ್ಳಿಹಳ್ಳಿಯೂ ಮುಸ್ಲಿಮರು. ಕತ್ತಿಯ ಕಥೆ ಅಲ್ಲಿಗೆ ಬಿತ್ತು. ಸರಿ, ಹಾಗಾದರೆ ಜಾತಿಯ ಹೊಡೆತಕ್ಕೆ ಓಡಿಹೋದವರು ಅನ್ನೋಣವೇ? ರಿಚರ್ಡ್ ಈಟನ್ 1993ರ ತಮ್ಮ ಪುಸ್ತಕದಲ್ಲಿ ಅದೂ ನಿಲ್ಲುವುದಿಲ್ಲ ಎನ್ನುತ್ತಾರೆ. ಆ ಜನ ಬ್ರಾಹ್ಮಣಶಾಹಿಯ ಏಣಿಗೆ ಇನ್ನೂ ಸರಿಯಾಗಿ ಸಿಕ್ಕಿರಲೇ ಇಲ್ಲ. ಕಾಡು ಕಡಿದು ಭತ್ತದ ಗದ್ದೆ ಮಾಡಿದವರು ಅವರು. ಮೊಗಲರ ಕಾಲದಲ್ಲಿ ಕಾಡು ಕಡಿಸುವ ಮುಂದಾಳುಗಳಿಗೆ ಮಸೀದಿಗೋ ದರ್ಗಾಕ್ಕೋ ಕಂದಾಯವಿಲ್ಲದ ಭೂಮಿ ಸಿಗುತ್ತಿತ್ತು, ಅದರ ಸುತ್ತ ಊರಾಯಿತು, ಊರಿಗೆ ಆ ಮಸೀದಿಯೇ ದೇವರ ಮನೆಯಾಯಿತು, ತಲೆಮಾರುಗಳು ಕಳೆದಂತೆ ಅಲ್ಲಾಹನ ಹೆಸರು ಉಳಿದ ಹೆಸರುಗಳನ್ನು ಹಿಂದೆ ಹಾಕಿತು. ನೇಗಿಲಿನ ಹಿಂದೆ ಬಂದ ಧರ್ಮ ಅದು. ಇನ್ನೊಂದು ಮಾತು, ಆ ಕಾಲದ ಮುಸ್ಲಿಂ ಬರಹಗಾರರು ತಮ್ಮದು ಸಮಾನತೆಯ ಮತ ಎಂದು ಎದೆ ತಟ್ಟಿಕೊಂಡದ್ದೂ ಇಲ್ಲ. ದೇವರು ಒಬ್ಬನೇ ಎನ್ನುವುದು ಅವರ ಹೆಮ್ಮೆ. ದಿಲ್ಲಿಯಲ್ಲಿ ಹದಿನಾಲ್ಕನೇ ಶತಮಾನದ ಜಿಯಾವುದ್ದೀನ್ ಬರನಿಯಂತೂ ಕೀಳು ಹುಟ್ಟಿನವರಿಗೆ ನಮಾಜು ಉಪವಾಸದ ನಿಯಮ ಬಿಟ್ಟು ಬೇರೆ ವಿದ್ಯೆ ಕಲಿಸಬಾರದೆಂದು ಬರೆದ. ಮನುವಿಗೆ ಪಾರ್ಸಿ ಬಂದಿದ್ದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಮಾತಾಡಬಹುದಿತ್ತು.

ಹಾಗೆಂದು ಜಾತಿಗೆ ಹೇಸಿ ಯಾರೂ ಹೋಗಲಿಲ್ಲವೇ? ಹೋದರು. ಎಲ್ಲಿ, ಯಾವಾಗ, ಯಾರು ಎಂದು ನೋಡಿ ಹೇಳಬೇಕು.

ಕ್ರೈಸ್ತ ಧರ್ಮ ಬಿಳಿಯರ ಹಡಗಿನಲ್ಲಿ ಬಂತು ಅನ್ನುವ ಮಾತನ್ನು ಬೇಗ ಮುಗಿಸುತ್ತೇನೆ. ಇಥಿಯೋಪಿಯದ ದೊರೆ ಏಜಾನ ನಾಲ್ಕನೇ ಶತಮಾನದಲ್ಲೇ ಕ್ರೈಸ್ತ, ಆಗ ಶಾರ್ಲಮೇನನ ಅಜ್ಜಂದಿರೂ ಹುಟ್ಟಿರಲಿಲ್ಲ. ಕೇರಳದ ಸಿರಿಯನ್ ಕ್ರೈಸ್ತರು ಪೋರ್ಚುಗೀಸರಿಗಿಂತ ಎಷ್ಟೋ ಶತಮಾನ ಹಳಬರು, ಮಡಿಮೈಲಿಗೆಯಲ್ಲೂ ನಾಯರುಗಳಿಗೆ ಕಮ್ಮಿಯಿಲ್ಲದವರು. ಈಸ್ಟ್ ಇಂಡಿಯಾ ಕಂಪೆನಿಗೆ ಪಾದ್ರಿಗಳೆಂದರೆ ತಲೆನೋವು. 1793ರಲ್ಲಿ ಬಂದ ವಿಲಿಯಂ ಕೇರಿಯ ಮಿಷನ್ನು ಕೊನೆಗೆ ನೆಲೆ ನಿಂತದ್ದು ಡೇನರ ಶ್ರೀರಾಂಪುರದಲ್ಲಿ. ಕಂಪೆನಿಯ ಸೀಮೆ ಮಿಷನರಿಗಳಿಗೆ ತೆರೆದದ್ದು 1813ರಲ್ಲಿ. ಅದೇ ಕಂಪೆನಿ ಪುರಿ ಜಗನ್ನಾಥನ ಯಾತ್ರಿಕರಿಂದ ತೆರಿಗೆ ವಸೂಲಿ ಮಾಡಿಕೊಂಡು ಆರಾಮಾಗಿತ್ತು. ವ್ಯಾಪಾರಿಗೆ ಎಲ್ಲ ದೇವರೂ ಒಂದೇ.

ಒಂಗೋಲಿನ ಕಡೆಗೆ ಬರುತ್ತೇನೆ. ಅಲ್ಲಿ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಇದ್ದ. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುವವನು. ಪಾದ್ರಿಯ ಮುಖ ನೋಡುವುದಕ್ಕೆ ಮೊದಲೇ ರಾಜಯೋಗದ ಗುರುಗಳ ಹತ್ತಿರ ಕೂತು ಎದ್ದವನು, ದೇವರನ್ನು ಹುಡುಕಿ ಸುಸ್ತಾದವನು. ವ್ಯಾಪಾರಕ್ಕೆ ಹೋದ ಕಡೆ ಏಸುವಿನ ಮಾತು ಕಿವಿಗೆ ಬಿತ್ತು, 1866ರಲ್ಲಿ ದೀಕ್ಷಾಸ್ನಾನ ಪಡೆದ. ಆಮೇಲೆ ತನ್ನ ನೆಂಟರಿಷ್ಟರಿಗೆ ತಾನೇ ಹೇಳುತ್ತಾ ಹೋದ. ಅಮೆರಿಕದ ಪಾದ್ರಿ ಜಾನ್ ಕ್ಲಫ್ ಹತ್ತಿರ ಮೇಲುಜಾತಿಯವರೂ ಬಂದರು. ನಾವು ಸೇರಬೇಕಾದರೆ ಮಾದಿಗರನ್ನು ಸೇರಿಸಬೇಡಿ ಎಂದರು. ಕ್ಲಫ್ ಮಾದಿಗರನ್ನೇ ಆರಿಸಿಕೊಂಡ. ಸೇರಿದವರು ಸತ್ತ ದನದ ಮಾಂಸ ಬಿಡಬೇಕಿತ್ತು, ಭಾನುವಾರ ಗೌಡರ ಹೊಲದ ಕೆಲಸಕ್ಕೆ ಹೋಗಬಾರದಿತ್ತು, ಊರ ದೇವರಿಗೆ ತಮಟೆ ಬಡಿಯಬಾರದಿತ್ತು. ಇದರ ಅರ್ಥ ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಟೆ ಕೆಳಗಿಟ್ಟವನ ಬೆನ್ನಿಗೆ ಏಟು ಬಿತ್ತು, ಬಾವಿ ಮುಚ್ಚಿತು.

1876ರಿಂದ 78ರವರೆಗೆ ಧಾತು ವರ್ಷದ ಬರ. ನಮ್ಮ ಮೈಸೂರು ಸೀಮೆಯಲ್ಲಿ, ಬಳ್ಳಾರಿಯಲ್ಲಿ ಲಕ್ಷಗಟ್ಟಲೆ ಜನರನ್ನು ನುಂಗಿದ ಬರ ಅದೇ. ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆಯುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಅನ್ನಕ್ಕೆ ಬಂದರು ಎನ್ನಿಸಿಕೊಳ್ಳಬಾರದೆಂದು ಒಂದು ವರ್ಷಕ್ಕೂ ಹೆಚ್ಚು ಕಾಲ ದೀಕ್ಷಾಸ್ನಾನವನ್ನೇ ನಿಲ್ಲಿಸಿದ. ಮತ್ತೆ ಶುರುವಾದಾಗ, 1878ರ ಜುಲೈ 3ರಂದು, ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ಇದನ್ನು ಹೇಳಿ ನೋಡಿ, ಆಮಿಷ ಇರಲಿಲ್ಲ ಎಂದು ವಾದ ಗೆಲ್ಲಬಹುದು. ನನಗೆ ಆ ವಾದ ಗೆಲ್ಲುವುದು ಬೇಕಾಗಿಲ್ಲ. ಹಸಿವಿಗೂ ಅದಕ್ಕೂ ಸಂಬಂಧವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಹಸಿದಾಗ ಯಾರು ದೂರ ನಿಂತು ಎಸೆದರು, ಯಾರು ಕೈಗೆ ಕೊಟ್ಟರು ಎಂಬುದನ್ನು ಮನುಷ್ಯ ಮರೆಯುವುದಿಲ್ಲ. ಅದನ್ನು ನೆನಪಿಟ್ಟು ಒಂದು ತೀರ್ಮಾನಕ್ಕೆ ಬರುವುದು ಹೊಟ್ಟೆಯ ಕೆಲಸವೋ ಬುದ್ಧಿಯ ಕೆಲಸವೋ? ಎರಡನ್ನೂ ಬೇರೆ ಮಾಡಬಲ್ಲವನು ಹೊಟ್ಟೆ ತುಂಬಿದವನೇ ಇರಬೇಕು.

ನಮ್ಮ ಚಿಕ್ಕಮ್ಮ ಒಬ್ಬಳು ಕೆಲವು ವರ್ಷದಿಂದ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾಳೆ. ಮನೆಯಲ್ಲಿ ಓದಿದವರು ನಾವು ನಾಲ್ಕು ಜನ, ಎಲ್ಲರೂ ಚಳವಳಿಯವರು. ಏನು ಕೊಟ್ರಂತೆ ಎಂದು ನಮ್ಮನಮ್ಮಲ್ಲೇ ಮಾತಾಡಿಕೊಂಡೆವು. ಒಂದು ದಿನ ನಾನು ಅವಳನ್ನೇ ಕೇಳಿಬಿಟ್ಟೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನೀನು ಸಂಘ ಸೇರ್ದಾಗ ನಿಂಗೇನು ಕೊಟ್ರು ಅಂತ ನಾ ಕೇಳಿದ್ನೇನೊ?" ಅಂದಳು.

ಪಂಜಾಬಿನ ಸಿಯಾಲ್‌ಕೋಟ್ ಕಡೆ ದಿತ್ತ್ ಎಂಬ ಚೂಹ್ರಾ ಇದ್ದ. ಕುಂಟ, ಹಸಿ ಚರ್ಮ ಕೊಂಡು ಮಾರುವವನು. 1873ರಲ್ಲಿ ದೀಕ್ಷಾಸ್ನಾನ ಕೇಳಿಕೊಂಡು ಬಂದಾಗ ಪಾದ್ರಿಯೇ ಹಿಂದೆಮುಂದೆ ನೋಡಿದ. ಆಯಿತು, ಇನ್ನು ನಮ್ಮ ಜೊತೆಯಲ್ಲೇ ಇರು ಎಂದರೆ ಇವನು ಒಪ್ಪಲಿಲ್ಲ, ಊರಿಗೆ ಹೋಗುತ್ತೇನೆ ಎಂದ. ನೆಂಟರು ಬೈದರು, ಆಡಿಕೊಂಡರು. ಚರ್ಮ ಹೊತ್ತು ಹಳ್ಳಿಹಳ್ಳಿ ಅಲೆಯುತ್ತಲೇ ಒಬ್ಬೊಬ್ಬರಿಗೂ ಹೇಳಿದ. ನಲವತ್ತು ವರ್ಷದಲ್ಲಿ ಆ ಜಿಲ್ಲೆಯ ಚೂಹ್ರಾಗಳು ಬಹುಪಾಲು ಕ್ರೈಸ್ತರಾದರು. ಆಮಿಷ ಒಡ್ಡಿದವನು ಯಾರು ಇಲ್ಲಿ? ಹಿಂಜರಿದ ಪಾದ್ರಿಯೋ, ಚರ್ಮದ ಹೊರೆಯ ದಿತ್ತನೋ?

ಹೋದ ಮೇಲೆ ಸಮಾನತೆ ಸಿಕ್ಕಿತೇ ಅಂದರೆ, ಅಲ್ಲೂ ಮವಾಲಿಗಳ ಪಾಡು. ತಮಿಳುನಾಡಿನ ವಡಕ್ಕನ್‌ಕುಳಂ ಎಂಬಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಚರ್ಚು ಪ್ಯಾಂಟಿನ ಎರಡು ಕಾಲಿನ ಹಾಗೆ ಕವಲೊಡೆದಿದೆ. ವೆಳ್ಳಾಳರಿಗೆ ಒಂದು ಕಾಲು, ನಾಡಾರರಿಗೆ ಇನ್ನೊಂದು ಇತ್ತು. ಎರಡೂ ಸೇರುವ ಕಡೆ ಬಲಿಪೀಠ. ಏಸು ಎರಡೂ ಕಡೆಗೆ ಕಾಣಬೇಕಿತ್ತು, ಭಕ್ತರು ಒಬ್ಬರಿಗೊಬ್ಬರು ಕಾಣಬಾರದಿತ್ತು.

ಸರ್ಕಾರಕ್ಕೆ ಮಾತ್ರ ಚರ್ಚಿನಲ್ಲಿ ಮಸೀದಿಯಲ್ಲಿ ಜಾತಿ ಇಲ್ಲ. 1950ರ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತ, ಮುಸ್ಲಿಂ ದಲಿತ ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಇದು ಸರಿಯಲ್ಲ ಎಂದಿತು, 2022ರಲ್ಲಿ ಇನ್ನೊಂದು ಆಯೋಗ ನೇಮಿಸಿದರು. ಮದ್ರಾಸಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಆದಿದ್ರಾವಿಡನ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ರಸ್ತೆ ಬದಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು, ಇವನು ಕ್ರೈಸ್ತ ಎಂದು ಇವನಿಗೆ ಕೊಡಲಿಲ್ಲ. ಹೊಸ ಧರ್ಮದಲ್ಲೂ ಜಾತಿಯ ಪೆಟ್ಟು ಅದೇ ತೀವ್ರತೆಯಲ್ಲಿ ಮುಂದುವರಿದಿದೆ ಎಂದು ತೋರಿಸಿಲ್ಲವೆಂದು ಕೋರ್ಟು 1985ರಲ್ಲಿ ಅರ್ಜಿಯನ್ನು ವಜಾ ಮಾಡಿತು. ಅವನು ದೇವರನ್ನು ಬದಲಾಯಿಸಿದ್ದು ನಿಜ. ಕಸುಬು ಅದೇ ಇತ್ತು, ಕೂತ ರಸ್ತೆಯೂ ಅದೇ.