ಬಾರದೆ ಉಳಿದ ಕ್ರಿಯಾಪದ

ಮೊಬೈಲ್ ಆ್ಯಪ್‌ನಲ್ಲಿ ಒಂದು ಬರಹ ಹೆಚ್ಚೆಂದರೆ ಎಷ್ಟು ಸಾಲು ಹಿಡಿಯಬಹುದೆಂಬುದನ್ನು ಒಂದೇ ಒಂದು ಸಂಖ್ಯೆ ತೀರ್ಮಾನಿಸುತ್ತದೆ. ಆಪಲ್ 2019ರಲ್ಲಿ ತಂದ ಸ್ವಿಫ್ಟ್‌ಯುಐನಲ್ಲಿ ಅದು ಲೈನ್‌ಲಿಮಿಟ್, ಆಂಡ್ರಾಯ್ಡ್‌ನಲ್ಲಿ ಮ್ಯಾಕ್ಸ್‌ಲೈನ್ಸ್. ಸ್ವಿಫ್ಟ್‌ಯುಐನಲ್ಲಿ 2 ಎಂದು ಬರೆದರೆ ಎರಡನೇ ಸಾಲಿನ ತುದಿಗೆ ಮೂರು ಚುಕ್ಕಿ ಬಿದ್ದು ಮಿಕ್ಕಿದ್ದು ಮರೆಯಾಗುತ್ತದೆ. ಸಂಖ್ಯೆಯ ಬದಲು ನಿಲ್ (nil) ಎಂದು ಬರೆದರೆ ಮಿತಿಯೇ ಇಲ್ಲ. ವಾಕ್ಯದ ತುಂಡು ಅರ್ಥದ ತುಂಡೂ ಹೌದೇ ಎಂಬ ಹಳೆಯ ಪ್ರಶ್ನೆ ಈ ಚುಕ್ಕಿಗಳಲ್ಲಿ ಮತ್ತೆ ಎದ್ದು ನಿಲ್ಲುತ್ತದೆ.

ವಾಕ್ಯಪದೀಯ ಬರೆದ ವೈಯಾಕರಣ ಭರ್ತೃಹರಿಗೆ ವಾಕ್ಯ ಅಖಂಡ. ಅರ್ಥ ಹೊಳೆದರೆ ಇಡಿಯಾಗಿ ಹೊಳೆಯಬೇಕು. ಕುಮಾರಿಲಭಟ್ಟನ ಮೀಮಾಂಸೆಯಲ್ಲಿ ಪದಗಳು ಮೊದಲು ತಂತಮ್ಮ ಅರ್ಥ ಕೊಡುತ್ತವೆ, ಆ ಅರ್ಥಗಳು ಆಮೇಲೆ ಕೂಡಿಕೊಳ್ಳುತ್ತವೆ. ಅನ್ನಂಭಟ್ಟನ ತರ್ಕಸಂಗ್ರಹ ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಬೇಕೆನ್ನುತ್ತದೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಅವುಗಳ ಅರ್ಥ ಒಂದಕ್ಕೊಂದು ಹೊಂದುವುದು ಯೋಗ್ಯತೆ. ತಡವಿಲ್ಲದೆ ಒಂದರ ಹಿಂದೆ ಒಂದು ಬರುವುದು ಸನ್ನಿಧಿ. ಪ್ರಹರಕ್ಕೊಂದರಂತೆ ಪದ ನುಡಿದರೆ ವಾಕ್ಯವಾಗದು ಎಂಬುದು ಅಲ್ಲಿನ ಉದಾಹರಣೆ. ಕೆಲವು ಆ್ಯಪ್‌ಗಳಲ್ಲಿ ಚುಕ್ಕಿಗಳ ಪಕ್ಕ ಬರುವ ‘ಇನ್ನಷ್ಟು ಓದಿ’ ಎಂಬ ಗುಂಡಿ ಒಡೆಯುವುದು ಈ ಸನ್ನಿಧಿಯನ್ನೇ.

ಕನ್ನಡದಲ್ಲಿ ಆಕಾಂಕ್ಷೆ ತೀರುವುದು ಸಾಮಾನ್ಯವಾಗಿ ಕೊನೆಯ ಪದದಲ್ಲಿ. ‘ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು’ ಎಂಬ ಸೂಚನೆ ‘ತೆಗೆದುಕೊಳ್ಳ…’ ಎಂದು ನಿಂತರೆ ಉಳಿದದ್ದು ಅರ್ಧ ಅರ್ಥವಲ್ಲ. ಅದು ‘ಬೇಕು’ ಎಂದೂ ಮುಗಿಯಬಹುದಿತ್ತು. ನಿಷೇಧವನ್ನು ಮೊದಲೇ ಹೇಳಿಬಿಡುವ ಇಂಗ್ಲಿಷಿನಲ್ಲಿ ಬಾಲ ಕತ್ತರಿಸಿದರೂ ತಲೆ ಉಳಿಯುತ್ತದೆ. ಇಲ್ಲಿ ಬಾಲದಲ್ಲೇ ಜೀವವಿದೆ. ಇಷ್ಟರಮಟ್ಟಿಗೆ ಭರ್ತೃಹರಿಯ ಮಾತೇ ಗಟ್ಟಿ.

ಕತ್ತರಿ ಎಲ್ಲರಿಗೂ ಒಂದೇ ಕಡೆ ಬೀಳುವುದಿಲ್ಲ ಎಂಬುದು ಇನ್ನೂ ನೋವಿನ ಸಂಗತಿ. ಕಣ್ಣು ಮಂದವಾದವರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಾಗ ಅದೇ ಎರಡು ಸಾಲಿಗೆ ಕಡಿಮೆ ಪದ ಹಿಡಿಸುತ್ತವೆ. ಮೊಮ್ಮಗನಿಗೆ ಕಾಣುವ ‘ಬಾರದು’ ಅಜ್ಜಿಗೆ ಕಾಣುವುದಿಲ್ಲ.

ಚುಕ್ಕಿ ಇಡುವುದು ಕಡೇಪಕ್ಷ ಪ್ರಾಮಾಣಿಕ: ಇನ್ನೂ ಇದೆ ಎಂದು ಒಪ್ಪಿಕೊಳ್ಳುತ್ತದೆ. ಚುಕ್ಕಿಯಿಲ್ಲದೆ ಬರಿದೆ ಕತ್ತರಿಸುವ ಕ್ಲಿಪ್ ಕ್ರಮದಲ್ಲಿ ಆ ಒಪ್ಪಿಗೆಯೂ ಇಲ್ಲ. ನಡುವೆ ಚುಕ್ಕಿ ಹಾಕುವ ಮಿಡಲ್ ಕ್ರಮ ‘ಬಾರದು’ ಉಳಿಸುತ್ತದೆ, ಆದರೆ ಏನು ಬಾರದು ಎಂಬುದನ್ನು ನುಂಗಬಹುದು. ಸುದ್ದಿಪಟ್ಟಿಯ ಶೀರ್ಷಿಕೆಗೆ ಎರಡು ಸಾಲಿನ ಮಿತಿ ಸಾಕು. ಔಷಧಿ, ಹಣ, ಒಪ್ಪಿಗೆಗಳ ಮಾತಿಗೆ ನಿಲ್ ಒಂದೇ ಸರಿ. ಜಾಗ ಸಾಲದಿದ್ದರೆ ಪರದೆ ಸರಿಯಲಿ, ವಾಕ್ಯ ಮುಗಿಯಲಿ.