ವೈಯಾವೃತ್ಯ ಮತ್ತು ಕರ್ಮದ ನೆಪ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಸ್ತ್ರೀಯನ್ನು ಕಂಡು, ‘ಅದು ಆಕೆಯ ಅಸಾತಾವೇದನೀಯ ಕರ್ಮದ ಉದಯ’ ಎಂದು ದೂರ ಸರಿಯುವವರುಂಟು. ಕರ್ಮಸಿದ್ಧಾಂತದ ಇಂತಹ ಬಳಕೆ ಧರ್ಮಸಮ್ಮತವೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ 6 ಆಭ್ಯಂತರ ತಪಗಳ ಪೈಕಿ ವೈಯಾವೃತ್ಯವನ್ನು ಮೂರನೆಯದಾಗಿ ಎಣಿಸಿದ್ದಾರೆ. ಆ ಸೇವೆಗೆ ಪಾತ್ರರಾದ 10 ಬಗೆಯವರಲ್ಲಿ ‘ಗ್ಲಾನ’, ಎಂದರೆ ರೋಗಪೀಡಿತ ಮುನಿಯೂ ಒಬ್ಬ. ಆತನ ವ್ಯಾಧಿಗೂ ಕರ್ಮೋದಯವೇ ಕಾರಣ. ಆದರೂ ಆತನನ್ನು ಕರ್ಮಕ್ಕೇ ಬಿಟ್ಟುಬಿಡಿರೆಂದು ಆಚಾರ್ಯರು ಹೇಳಲಿಲ್ಲ. ಹೀಗಿರುವಾಗ ಶ್ರಾವಕರ ಮನೆಗೆ ಬೇರೆ ನ್ಯಾಯವೆಲ್ಲಿಯದು?

ಕೀಮೋಥೆರಪಿಯು ಸಾಮಾನ್ಯವಾಗಿ 2-3 ವಾರಗಳಿಗೊಮ್ಮೆಯಂತೆ ತಿಂಗಳುಗಟ್ಟಲೆ ನಡೆಯುತ್ತದೆ. ವಾಕರಿಕೆ, ಆಯಾಸ, ಕೂದಲುದುರುವಿಕೆಗಳ ಜೊತೆಗೆ ರಕ್ತದ ಬಿಳಿಕಣಗಳು ಕುಗ್ಗಿ ಸೋಂಕಿನ ಭಯವೂ ಇರುತ್ತದೆ. ಆಗ ಬೇಕಾದುದು ಆಸ್ಪತ್ರೆಗೆ ಜೊತೆ ಹೋಗುವವರು, ಮನೆಯ ಮಕ್ಕಳಿಗೆ ಹೊತ್ತಿಗೆ ಊಟ, ಅಳಲನ್ನು ತಾಳ್ಮೆಯಿಂದ ಆಲಿಸುವ ಕಿವಿ. ನೆಗಡಿಯಾದವರು ಭೇಟಿಯನ್ನು ಮುಂದೂಡುವುದೂ ಸೇವೆಯೇ. ತಪವು ಶಕ್ತ್ಯನುಸಾರವಾಗಿರಬೇಕೆಂಬುದನ್ನು ನೆನೆದು, ಅಶಕ್ತಳನ್ನು ಉಪವಾಸಕ್ಕೆ ಒತ್ತಾಯಿಸದಿರುವುದೂ ಸೇವೆಯೇ.

ಔಷಧದಾನಕ್ಕೆ ಹಣವೆತ್ತುವ ಬಸದಿಯ ಟ್ರಸ್ಟುಗಳು, ರೋಗಿಯ ಬಳಿ ಕುಳಿತುಕೊಳ್ಳುವ ಸೇವಕರನ್ನೂ ಒದಗಿಸಿದರೆ ಅಭಯದಾನವೂ ಸಂದಂತಾಗುತ್ತದೆ. ತನ್ನ ನೋವಿನಲ್ಲಿ ಕರ್ಮವನ್ನು ನೆನೆಯುವುದು ಸಮತಾಭಾವ. ಪರರ ನೋವಿನಲ್ಲಿ ಅದನ್ನೇ ನೆಪ ಮಾಡುವುದು ನಿರ್ದಯೆ.