ಬಿಲ್ಲು ಬಾರದ ಬೆಳಕು

ಬೆಂಗಳೂರಿನ ಪಶ್ಚಿಮ ಭಾಗದ ಮಹಾಲಕ್ಷ್ಮಿ ಲೇಔಟಿನಲ್ಲಾಗಲಿ ನಮ್ಮ ಹಳ್ಳಿಗಳಲ್ಲಾಗಲಿ ಈಗ ಕೇಳಿಬರುವ ಮಾತೊಂದುಂಟು: “ಬಿಲ್ಲೇ ಬಾರದಿರುವಾಗ ದೀಪವನ್ನು ಯಾಕೆ ಆರಿಸಬೇಕು?” 2023ನೆಯ ಇಸವಿಯಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು, ಆಯಾ ಮನೆಯ ಹಿಂದಿನ ಬಳಕೆಗೆ ತಕ್ಕಂತೆ, ತಿಂಗಳಿಗೆ 200 ಯೂನಿಟ್ಟು ಮೀರದ ವಿದ್ಯುಚ್ಛಕ್ತಿಯನ್ನು ಕ್ರಯವಿಲ್ಲದೆ ಕೊಡಮಾಡಿತು. ಇದು ಬಡವರಿಗೆ ಒಳ್ಳೇ ಸಹಾಯವೇ ಸರಿ. ಆದರೆ ಹಣ ಕೊಡದೆ ಪಡೆದದ್ದನ್ನು ಹಾಳುಮಾಡುವ ಅಧಿಕಾರವು ನಮಗುಂಟೋ? ಇದನ್ನು ವಿಚಾರಿಸೋಣ.

ಮೊದಲು ದೀಪದ ಸಂಗತಿ. 60 ವ್ಯಾಟಿನ ಹಳೇ ತಂತಿಯ ಬಲ್ಬು ತಾನು ತೆಗೆದುಕೊಂಡ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಚೆಲ್ಲಿಬಿಡುತ್ತದೆ; ಆದಕಾರಣವೇ ಅದನ್ನು ಮುಟ್ಟಿದ ಕೈ ಸುಡುತ್ತದೆ. ಸುಮಾರು ಅಷ್ಟೇ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ದೀಪವು ಕೊಡುತ್ತದೆ. ದಿನಕ್ಕೆ 5 ತಾಸಿನಂತೆ 30 ದಿನ ಉರಿಸಿದರೆ ಹಳೆಯದಕ್ಕೆ 9 ಯೂನಿಟ್ಟು, ಹೊಸದಕ್ಕೆ 1.35 ಯೂನಿಟ್ಟು ಮಾತ್ರ ಬೇಕು. ನಮ್ಮ ರಾಜ್ಯದಲ್ಲಿ 2015ರಲ್ಲಿ ‘ಹೊಸ ಬೆಳಕು’ ಎಂಬ ಯೋಜನೆಯಿಂದ ಇಂಥ ದೀಪಗಳು ಅನೇಕ ಮನೆಗಳಿಗೆ ಬಂದವು.

ಬಿಲ್ಲು ಕೊಡುವವನಿಗೆ ಈ ಉಳಿತಾಯವು ಲಾಭವೆಂದು ಯಾರೂ ಒಪ್ಪುವರು. ಕೊಡದವನಿಗೋ? ಇಲ್ಲಿಯೇ ನಮ್ಮ ಮನಸ್ಸಾಕ್ಷಿಯ ಪರೀಕ್ಷೆ. ಯಾಕಂದರೆ ನಾವು ಬೆಲೆ ಕೊಡದಿದ್ದರೂ ಬೆಳಕಿಗೆ ಬೆಲೆ ಇಲ್ಲದೆ ಹೋಗಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಅದಕ್ಕಾಗಿ ಕಲ್ಲಿದ್ದಲು ಉರಿಯುತ್ತದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಸಾವಿರಾರು ಕುಟುಂಬಗಳು ತಮ್ಮ ಹೊಲಮನೆಗಳನ್ನು ನೀರಿನ ಪಾಲುಮಾಡಿ ಹೊರಟುಹೋದವು. ಅವರು ತೆತ್ತ ಬೆಲೆಯು ಯಾವ ಬಿಲ್ಲಿನಲ್ಲಿಯೂ ಬರೆದಿರುವುದಿಲ್ಲ. ಶಿವನಸಮುದ್ರದ ಶಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಮುಟ್ಟಿತು. ಹಳ್ಳಿಗಳ ಸರದಿಯು ಎಷ್ಟೋ ತಡವಾಗಿ ಬಂದಿತು. ಕತ್ತಲೆಯಲ್ಲಿ ಕಾದವರಾದ ನಾವೇ ಬೆಳಕನ್ನು ಚೆಲ್ಲುವುದು ಯುಕ್ತವೋ?

ಮತ್ತೊಂದು ಶೋಧನೆಯೂ ಉಂಟು. ದೀಪವು ಸ್ವಲ್ಪವೇ ಶಕ್ತಿಯನ್ನು ನುಂಗುತ್ತದೆಂದು ಒಂದಿದ್ದಲ್ಲಿ ಹತ್ತು ಹಚ್ಚಿದರೆ ಉಳಿದದ್ದೇನು? ಪಟ್ಟಣದವರನ್ನು ಮಾತ್ರ ದೂಷಿಸಬಾರದು. ಹೊತ್ತೇರಿದ ಮೇಲೂ ಪ್ರಾರ್ಥನಾಮಂದಿರದ ಜಗಲಿಯಲ್ಲಿ ದೀಪ ಉರಿಯುವುದನ್ನು ಕಂಡು ನಾವೇ ಸುಮ್ಮನೆ ದಾಟಿಹೋಗಿದ್ದೇವೆ.

ಐದು ಸಾವಿರ ಜನರು ಉಂಡು ತೃಪ್ತರಾದ ಮೇಲೆ ಕರ್ತನು ಉಳಿದ ತುಂಡುಗಳನ್ನು ಕೂಡಿಸುವಂತೆ ಶಿಷ್ಯರಿಗೆ ಅಪ್ಪಣೆಕೊಟ್ಟನು. ಆ ರೊಟ್ಟಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಬೇಕಾದರೆ ಇನ್ನಷ್ಟು ಕೊಡುವ ಶಕ್ತಿಯೂ ಆತನಿಗಿತ್ತು. ಆದರೂ ಹನ್ನೆರಡು ಪುಟ್ಟಿಗಳು ತುಂಬಿದವು. ಉಚಿತವಾಗಿ ಬಂದದ್ದು ದಾನವಾಗಿದೆ, ಕಸವಲ್ಲ. ನಾವು ಅದರ ಒಡೆಯರಲ್ಲ, ಮನೆವಾರ್ತೆಯವರು.

ಆದಕಾರಣ ಪ್ರಿಯರೇ, ಹಳೇ ಬಲ್ಬು ಇರುವಲ್ಲಿ ಹೊಸ ದೀಪವನ್ನು ಹಾಕಿರಿ. ಓದುವ ಮಗುವಿಗೂ ಅಡಿಗೆಮಾಡುವ ತಾಯಿಗೂ ಬೆಳಕು ಕಡಿಮೆಯಾಗದಿರಲಿ. ಅದನ್ನು ಬಿಗಿಹಿಡಿಯುವುದು ಮಿತವ್ಯಯವಲ್ಲ, ಲೋಭವೇ. ಆದರೆ ಯಾರೂ ಇಲ್ಲದ ಕೋಣೆಯ ದೀಪವನ್ನು ಆರಿಸಿರಿ. ಈ ರಾತ್ರಿ ಮಲಗುವ ಮುಂಚೆ ಅದನ್ನು ಆರಿಸುವ ಕೈ ನಮ್ಮದೇ ಆಗಿರಲಿ.